ಮಧ್ಯಕ್ಕೆ ಬಂದ ಚೆಂಡು ಯಾರದು?

2010ರ ಸೆಪ್ಟೆಂಬರ್ 10, ಶುಕ್ರವಾರ ರಾತ್ರಿ. ಮೂವತ್ತು ಉಪವಾಸ ಪೂರ್ತಿಯಾಗಿ, ಬೆಳಗಾದರೆ ಈದ್. ಆ ವರ್ಷ ಗಣೇಶನ ಹಬ್ಬವೂ ಅದೇ ಶನಿವಾರ ಬಂದಿತ್ತು. ಮೈಸೂರಿನ ನಮ್ಮ ಬೀದಿಯ ಒಂದು ತುದಿಯಲ್ಲಿ ಶಾವಿಗೆ, ಖರ್ಜೂರ, ಅತ್ತರು ಮಾರುವವರು; ಇನ್ನೊಂದು ತುದಿಯಲ್ಲಿ ಮಣ್ಣಿನ ಗಣಪತಿ, ಬಾಳೆಕಂದು, ಗರಿಕೆ ಇಟ್ಟುಕೊಂಡವರು. ನಡುವೆ ನಮ್ಮ ಅಬ್ಬಾನ ಟೈಲರ್ ಅಂಗಡಿ. ಎರಡು ಹಬ್ಬ ಒಂದೇ ದಿನ ಬಂದರೆ ಟೈಲರನ ಮನೆಯವರಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಬ್ಬಾ ಮೆಷಿನ್ ಬಿಟ್ಟು ಎದ್ದಿರಲಿಲ್ಲ. ನಾವು ಅಣ್ಣತಮ್ಮಂದಿರು ಮೂವರಲ್ಲಿ ಒಬ್ಬರು ಕಾಜಾ ಹೊಲಿಯುವುದು, ಒಬ್ಬರು ಗುಂಡಿ ಹಾಕುವುದು, ಒಬ್ಬರು ಇಸ್ತ್ರಿ ಮಾಡಿ ಚೀಟಿ ಅಂಟಿಸುವುದು.

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಬೀದಿಯ ಮೇಷ್ಟ್ರು ಬಂದರು. ಕೊಡಗಿನವರು; ಮೈಸೂರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು; ಹರೆಯದಲ್ಲಿ ಹಾಕಿ ಆಡಿದವರು. ಮೊಮ್ಮಗನ ಜುಬ್ಬಾ ಒಯ್ಯಲು ಬಂದಿದ್ದರು. ಅದಕ್ಕಿನ್ನೂ ಗುಂಡಿ ಹಾಕಿರಲಿಲ್ಲ. ನಾವು ತಪ್ಪಿತಸ್ಥರಂತೆ ಮುಖ ಮಾಡಿದೆವು. ಅವರು ಸ್ಟೂಲ್ ಎಳೆದುಕೊಂಡು ಕೂತು, “ಪರವಾಗಿಲ್ಲ, ಎಷ್ಟು ಹೊತ್ತಾದರೂ ಆಗಲಿ. ಆ ಟಿವಿ ಹಾಕ್ರಪ್ಪಾ. ನಮ್ಮ ಹುಡುಗ ನ್ಯೂಯಾರ್ಕಿನಲ್ಲಿ ಫೈನಲ್ ಆಡ್ತಿದ್ದಾನೆ. ಜೊತೆಗೆ ನಿಮ್ಮ ಹುಡುಗನೂ ಇದ್ದಾನೆ” ಎಂದರು.

ನಮ್ಮ ಕೈಯ ಸೂಜಿ ನಿಂತಿತು. ‘ನಿಮ್ಮ ಹುಡುಗ’ ಎಂದರೆ ಯಾರು?

ಮೇಷ್ಟ್ರು ಹೇಳಿದ ‘ನಮ್ಮ ಹುಡುಗ’ ಕೊಡಗಿನ ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ. ‘ನಿಮ್ಮ ಹುಡುಗ’ ಲಾಹೋರಿನ ಐಸಾಮ್-ಉಲ್-ಹಕ್ ಖುರೇಶಿ. ಯು.ಎಸ್. ಓಪನ್ ಟೆನಿಸ್‌ನ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಭಾರತದವನೂ ಪಾಕಿಸ್ತಾನದವನೂ ನೆಟ್ಟಿನ ಒಂದೇ ಬದಿಯಲ್ಲಿ ನಿಂತಿದ್ದರು. ಮೇಷ್ಟ್ರ ಮಾತಿನಲ್ಲಿ ಕಿಂಚಿತ್ತೂ ಕಹಿ ಇರಲಿಲ್ಲ, ಪ್ರೀತಿಯೇ ಇತ್ತು. ಆದರೂ ಆ ಎರಡು ಶಬ್ದ ನಮ್ಮನ್ನು ಯಾಕೆ ಚುಚ್ಚಿತು ಎಂದು ಹೇಳಬೇಕಾದರೆ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಕ್ರಿಕೆಟ್‌ನ ಕ್ವಾರ್ಟರ್ ಫೈನಲ್. ಭಾರತ ಮತ್ತು ಪಾಕಿಸ್ತಾನ. ನಮಗಿನ್ನೂ ಮೀಸೆ ಮೂಡಿರಲಿಲ್ಲ. ಮನೆಯಲ್ಲಿ ಟಿವಿ ಇಲ್ಲದ್ದರಿಂದ ಟಿವಿ ಅಂಗಡಿಯೊಂದರ ಗಾಜಿನ ಮುಂದೆ ನಿಂತ ನೂರಾರು ಜನರ ನಡುವೆ ನಾವೂ ನಿಂತಿದ್ದೆವು. ಪಾಕಿಸ್ತಾನದ ಸಯೀದ್ ಅನ್ವರ್ ಬ್ಯಾಟು ಬೀಸುವ ಚೆಂದಕ್ಕೆ ನಮ್ಮಲ್ಲೊಬ್ಬನ ಬಾಯಿಂದ “ಭಲೇ” ಎಂದು ಬಂದುಬಿಟ್ಟಿತು. ನಾಲ್ಕೈದು ತಲೆಗಳು ಹಿಂದಕ್ಕೆ ತಿರುಗಿದವು. ನಾವು ಬಾಯಿ ಮುಚ್ಚಿದೆವು. ಆಮೇಲೆ ಆಮಿರ್ ಸೊಹೈಲ್ ಒಂದು ಬೌಂಡರಿ ಹೊಡೆದು, ಬ್ಯಾಟು ತೋರಿಸಿ ಕೆಣಕಿ, ಮರು ಎಸೆತಕ್ಕೇ ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬೌಲ್ಡ್ ಆದದ್ದು ಎಲ್ಲರಿಗೂ ನೆನಪಿದೆ. ನಾವು ನೆಲ ಬಿಟ್ಟು ಹಾರಿದೆವು. ಆಗ ಪಕ್ಕದಲ್ಲಿದ್ದ ಒಬ್ಬರು ನಗುತ್ತಾ ಕೇಳಿದರು: “ಏನ್ರೋ, ನೀವೂ ಕುಣೀತೀರಾ?”

ಅವರು ಕೆಟ್ಟವರೇನೂ ಆಗಿರಲಿಲ್ಲ. ಆಟ ಮುಗಿದ ಮೇಲೆ ಎಲ್ಲರಿಗೂ ಹಂಚಿದ ಮಿಠಾಯಿಯನ್ನು ನಮ್ಮ ಕೈಗೂ ಇಟ್ಟರು. ಆದರೆ ಆ ರಾತ್ರಿ ನಮಗೊಂದು ವಿಷಯ ಗೊತ್ತಾಗಿಹೋಗಿತ್ತು. ಸುಮ್ಮನಿದ್ದರೆ ‘ಯಾಕೆ ಸುಮ್ಮನಿದ್ದಾರೆ’ ಎಂಬ ಪ್ರಶ್ನೆ. ಕುಣಿದರೆ ‘ನೀವೂ ಕುಣೀತೀರಾ’ ಎಂಬ ಪ್ರಶ್ನೆ. ಉಳಿದವರ ಚಪ್ಪಾಳೆ ಬರೀ ಚಪ್ಪಾಳೆ. ನಮ್ಮ ಚಪ್ಪಾಳೆಗೆ ಮಾತ್ರ ತಕ್ಕಡಿ. ಅಂದಿನಿಂದ ಭಾರತ-ಪಾಕ್ ಪಂದ್ಯ ಇದ್ದ ದಿನ ಅಬ್ಬಾ ಅಂಗಡಿಯ ಷಟರ್ ಅರ್ಧ ಇಳಿಸಿ, “ಮನೆಗೆ ನಡೀರಿ” ಎನ್ನುತ್ತಿದ್ದರು.

ಇಷ್ಟು ಹೇಳಿ ನಮ್ಮ ಮನೆಯ ಮಾತನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ಬಂಧುಗಳಲ್ಲೊಬ್ಬರು ಪಾಕಿಸ್ತಾನ ಗೆದ್ದ ದಿನ ಒಂದು ಬಗೆಯ ಹುರುಪಿನಲ್ಲಿ ಬಂದು ಚಹಾ ಕುಡಿಯುತ್ತಿದ್ದರು. ಅವರು ಆ ದೇಶವನ್ನು ಕಂಡವರಲ್ಲ, ಅಲ್ಲಿ ಅವರಿಗೆ ನೆಂಟರೂ ಇಲ್ಲ. ಅಬ್ಬಾ ಒಮ್ಮೆ ರೇಗಿ, “ಸತ್ತರೆ ಮೂರು ಹಿಡಿ ಮಣ್ಣು ಹಾಕೋರು ಈ ಬೀದಿಯೋರೇ, ಲಾಹೋರಿನೋರಲ್ಲ” ಎಂದಿದ್ದರು. ಆ ಬಂಧುವಿನ ಹುರುಪಿಗೂ ಗಾಜಿನ ಮುಂದಿನ ಆ ಪ್ರಶ್ನೆಗೂ ಏನೋ ಸಂಬಂಧವಿತ್ತು ಎಂದು ಈಗ ಅನಿಸುತ್ತದೆ. ದಿನವೂ ‘ನೀನು ಆಚೆಯವನು’ ಎಂದು ಹೇಳಿಸಿಕೊಂಡವನು ಒಂದು ದಿನ ಹಠಕ್ಕಾದರೂ ಆಚೆಗೆ ನೋಡುತ್ತಾನೆ. ಕಾರಣ ಅರ್ಥವಾದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ ಎಂಬುದೂ ನಿಜ.

ಇಂಥ ನಮಗೆ ಮೇಷ್ಟ್ರು ‘ನಿಮ್ಮ ಹುಡುಗ’ ಎಂದಾಗ ಹಳೆಯ ತಕ್ಕಡಿ ಕಣ್ಮುಂದೆ ಬಂತು. ಹಿರಿಯಣ್ಣ ಮೆಲ್ಲಗೆ, “ಮೇಷ್ಟ್ರೇ, ನಮ್ಮ ಹುಡುಗನೂ ಬೋಪಣ್ಣನೇ” ಎಂದ. ಮೇಷ್ಟ್ರು ಅವನ ಮುಖವನ್ನೇ ನೋಡಿದರು. ತಾವು ಆಡಿದ ಮಾತು ಎಲ್ಲಿಗೆ ತಾಗಿತು ಎಂಬುದು ಅವರಿಗೆ ಹೊಳೆದಿರಬೇಕು. “ಹೌದಪ್ಪ, ತಪ್ಪಾಯ್ತು. ಹಾಗಾದರೆ ಆ ಖುರೇಶಿ ನನ್ನ ಹುಡುಗನೂ ಆಗಲಿ ಬಿಡು” ಎಂದರು. ಅಬ್ಬಾ ಮೆಷಿನ್ ನಿಲ್ಲಿಸಿ ನಕ್ಕರು. ಟಿವಿ ಹಚ್ಚಿದೆವು.

ಟೆನಿಸ್ ನಮ್ಮ ಬೀದಿಯ ಆಟವಲ್ಲ. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ 1999ರಲ್ಲಿ ಫ್ರೆಂಚ್ ಓಪನ್ ಹಾಗೂ ವಿಂಬಲ್ಡನ್ ಡಬಲ್ಸ್ ಗೆದ್ದಾಗ ಪತ್ರಿಕೆಯಲ್ಲಿ ಚಿತ್ರ ನೋಡಿದ್ದು ಬಿಟ್ಟರೆ ನಮಗೆ ಅದರ ಗಂಧವಿರಲಿಲ್ಲ. ಆ ರಾತ್ರಿ ಮೇಷ್ಟ್ರೇ ನಮಗೆ ಪಾಠ ಮಾಡಿದರು. ಒಬ್ಬರಿಗೊಬ್ಬರು ಆಡುವ ಸಿಂಗಲ್ಸ್‌ನಲ್ಲಿ ಅಂಗಣದ ಅಗಲ 27 ಅಡಿ. ಇಬ್ಬಿಬ್ಬರು ಆಡುವ ಡಬಲ್ಸ್‌ನಲ್ಲಿ ಎರಡೂ ಅಂಚಿಗೆ ನಾಲ್ಕೂವರೆ ಅಡಿ ಸೇರಿಸಿ 36 ಅಡಿ. ಉದ್ದ ಮಾತ್ರ ಅದೇ 78 ಅಡಿ. ಅಂದರೆ ಜನ ದುಪ್ಪಟ್ಟಾದರು, ಜಾಗ ಮಾತ್ರ ಸ್ವಲ್ಪವೇ ಹೆಚ್ಚಿತು. “ಅದಕ್ಕೇ ಇದು ಬಲದ ಆಟ ಕಡಿಮೆ, ಹೊಂದಿಕೆಯ ಆಟ ಜಾಸ್ತಿ” ಎಂದರು ಮೇಷ್ಟ್ರು.

ಒಬ್ಬ ಹಿಂದಿನ ಗೆರೆಯಿಂದ ಸರ್ವ್ ಮಾಡುತ್ತಾನೆ. ಅವನ ಜೊತೆಗಾರ ಮುಂದೆ ನೆಟ್ಟಿನ ಹತ್ತಿರ, ಅವನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಮುಂದಿನವನು ತನ್ನ ಬೆನ್ನ ಹಿಂದೆ ಬೆರಳಿನ ಸನ್ನೆ ಮಾಡಿ, ‘ಚೆಂಡು ಎತ್ತ ಹಾಕು, ನಾನು ಎತ್ತ ನುಗ್ಗುತ್ತೇನೆ’ ಎಂದು ತಿಳಿಸುತ್ತಾನೆ. ಎದುರಾಳಿಗೆ ಆ ಸನ್ನೆ ಕಾಣುವುದಿಲ್ಲ, ಜೊತೆಗಾರನಿಗೆ ಮಾತ್ರ ಕಾಣುತ್ತದೆ. ಬೋಪಣ್ಣನ ಸರ್ವ್ ಬಲವಾದದ್ದು. ಗುರಿ ತಪ್ಪಿ ಬೆನ್ನಿಗೋ ತಲೆಗೋ ಬಡಿದರೆ ಗತಿಯೇನು? ಆದರೂ ಖುರೇಶಿ ತಿರುಗಿ ನೋಡದೆ ನಿಂತಿರುತ್ತಿದ್ದ. ಅವನ ಸರದಿ ಬಂದಾಗ ಬೋಪಣ್ಣ ಅವನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ‘ಅವರಿಗೆ ಬೆನ್ನು ಕೊಡಬೇಡ’ ಎಂದು ಕೇಳುತ್ತಲೇ ಬೆಳೆದ ಎರಡು ದೇಶಗಳ ಹುಡುಗರು! ಗುಂಡಿ ಹಾಕುವ ಕೈ ಮತ್ತೆ ಮತ್ತೆ ನಿಲ್ಲುತ್ತಿತ್ತು.

“ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಚೆಂಡು ಯಾವುದು ಗೊತ್ತೇ?” ಎಂದರು ಮೇಷ್ಟ್ರು. ಜೋರಾಗಿ ಬರುವುದು ಎಂದೆವು. ಅಂಚಿಗೆ ಬೀಳುವುದು ಎಂದೆವು. “ಅಲ್ಲ. ಇಬ್ಬರ ಮಧ್ಯಕ್ಕೆ ಬರುವುದು. ಇಬ್ಬರೂ ಕೈ ಚಾಚಿದರೆ ರ‍್ಯಾಕೆಟಿಗೆ ರ‍್ಯಾಕೆಟ್ ಬಡಿಯುತ್ತದೆ. ‘ಅವನು ಹೊಡೀತಾನೆ’ ಅಂತ ಇಬ್ಬರೂ ಬಿಟ್ಟರೆ ಚೆಂಡು ನಡುವೆ ಹೋಗಿಬಿಡುತ್ತದೆ. ಮೊದಲೇ ಮಾತಾಡಿಕೊಂಡಿರಬೇಕು. ಇಲ್ಲವಾದರೆ ಆ ಕ್ಷಣದಲ್ಲಿ ‘ನನ್ನದು’ ಅಂತಲೋ ‘ನಿನ್ನದು’ ಅಂತಲೋ ಕೂಗಬೇಕು. ಬುದ್ಧಿವಂತ ಎದುರಾಳಿ ಯಾವಾಗಲೂ ಮಧ್ಯಕ್ಕೇ ಹೊಡೆಯುತ್ತಾನೆ.”

ಎದುರಾಳಿಗಳು ಸಾಮಾನ್ಯರಾಗಿರಲಿಲ್ಲ. ಅಮೆರಿಕದ ಬಾಬ್ ಬ್ರಯಾನ್ ಮತ್ತು ಮೈಕ್ ಬ್ರಯಾನ್, ಅವಳಿ ಸಹೋದರರು. ಒಬ್ಬ ಎಡಗೈಯವನು, ಒಬ್ಬ ಬಲಗೈಯವನು. ಮುಂದೆ ಅವರಿಬ್ಬರೂ ಕೂಡಿ 16 ಗ್ರ್ಯಾಂಡ್ ಸ್ಲಾಮ್ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದು 2020ರಲ್ಲಿ ನಿವೃತ್ತರಾದರು. ಒಂದೇ ಗರ್ಭದಲ್ಲಿ ಕೂಡಿ ಬೆಳೆದವರ ಎದುರು ನಿಂತವರು, 1947ರಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡ ಎರಡು ದೇಶಗಳವರು. ಆದರೆ ಇವರೂ ಒಂದು ಲೆಕ್ಕದಲ್ಲಿ ಒಂದೇ ಸಾಲಿನವರು. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು, ಖುರೇಶಿ ಹುಟ್ಟಿದ್ದು ಅದೇ ಮಾರ್ಚ್ 17ರಂದು. ಖುರೇಶಿಯ ತಾಯಿಯ ತಂದೆ ಖ್ವಾಜಾ ಇಫ್ತಿಕಾರ್ ಅಹ್ಮದ್ ಅವರು ವಿಭಜನೆಗೆ ಮುಂಚಿನ ಭಾರತದ ಹೆಸರಾಂತ ಟೆನಿಸ್ ಆಟಗಾರ. ತಾಯಿಯೂ ಆಟಗಾರ್ತಿಯೇ. ಅಜ್ಜ ಆಡುತ್ತಿದ್ದ ಕಾಲದಲ್ಲಿ ಲಾಹೋರಿಗೂ ಕೊಡಗಿಗೂ ನಡುವೆ ದೂರವಿತ್ತು, ಗಡಿ ಇರಲಿಲ್ಲ.

ಇವರಿಬ್ಬರೂ ಜೊತೆಯಾಗಿ ಮೊದಲ ಎಟಿಪಿ ಪ್ರಶಸ್ತಿ ಗೆದ್ದದ್ದು 2010ರ ಫೆಬ್ರವರಿಯಲ್ಲಿ, ವರ್ಣಭೇದದ ಬೇಗೆಯನ್ನು ಉಂಡು ಹೊರಬಂದಿದ್ದ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನಲ್ಲಿ. ಆ ವರ್ಷದ ವಿಂಬಲ್ಡನ್‌ನಲ್ಲಿ ‘ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ’ ಎಂಬರ್ಥದ ಬರಹವಿದ್ದ ಅಂಗಿ ತೊಟ್ಟು ಬಂದು ಕ್ವಾರ್ಟರ್ ಫೈನಲ್ ತಲುಪಿದ್ದರು. ಜನ ಇವರನ್ನು ‘ಇಂಡೋ-ಪಾಕ್ ಎಕ್ಸ್‌ಪ್ರೆಸ್’ ಎಂದು ಕರೆದರು. ನ್ಯೂಯಾರ್ಕಿಗೆ ಇವರು 16ನೇ ಶ್ರೇಯಾಂಕದವರಾಗಿ ಬಂದು, ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ಶ್ವಾಂಕ್-ಝೆಬಾಲೋಸ್ ಜೋಡಿಯನ್ನು ಸೋಲಿಸಿದ್ದರು.

ನಡುವೆ ಅಬ್ಬಾ ಒಂದು ಪ್ರಶ್ನೆ ಕೇಳಿದರು: “ಇಸ್ರೇಲಿನವನ ಜೊತೆ ಆಡಿದವನು ಇವನೇ ಅಲ್ಲವೇ?”

ಹೌದು, ಇವನೇ. ಆ ಮಾತನ್ನು ನಾವು ಮರೆತಂತೆ ಇದ್ದೆವು. 2002ರ ವಿಂಬಲ್ಡನ್‌ನಲ್ಲಿ ಖುರೇಶಿ ಇಸ್ರೇಲಿನ ಆಮಿರ್ ಹದಾದ್ ಜೊತೆ ಡಬಲ್ಸ್ ಆಡಿ ಮೂರನೇ ಸುತ್ತು ತಲುಪಿದ್ದ. ಪಾಕಿಸ್ತಾನದ ಕ್ರೀಡಾ ಅಧಿಕಾರಿಗಳು ಅವನಿಗೆ ನಿಷೇಧದ ಬೆದರಿಕೆ ಹಾಕಿದ್ದರು. ಆಟಕ್ಕೆ ಧರ್ಮವನ್ನೂ ರಾಜಕೀಯವನ್ನೂ ಬೆರೆಸಬೇಡಿ ಎಂಬುದು ಅವನ ನಿಲುವಾಗಿತ್ತು. ಆ ವರ್ಷ ಪ್ಯಾಲೆಸ್ತೀನಿನ ಜೆನಿನ್‌ನಿಂದ ಬರುತ್ತಿದ್ದ ಚಿತ್ರಗಳನ್ನು ನೋಡಿ ನಾವು ಊಟ ಬಿಟ್ಟಿದ್ದೆವು. ಗುಜರಾತಿನ ಸುದ್ದಿ ಬೇರೆ ಮೈ ಸುಡುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಸುದ್ದಿಯನ್ನು ಓದಿದ ನಾವು, “ಇವನಿಗೆ ಬೇರೆ ಯಾರೂ ಸಿಗಲಿಲ್ಲವೇ?” ಎಂದು ಇದೇ ಅಂಗಡಿಯಲ್ಲಿ ಕೂತು ಬೈದಿದ್ದೆವು. ಅಂದರೆ 1996ರಲ್ಲಿ ನಮ್ಮ ಚಪ್ಪಾಳೆಯನ್ನು ತೂಗಿದವರ ಕೆಲಸವನ್ನೇ 2002ರಲ್ಲಿ ನಾವು ಮಾಡಿದ್ದೆವು. ಎದುರಿಗಿದ್ದದ್ದು ಒಬ್ಬ ಆಟಗಾರ. ನಾವು ನೋಡಿದ್ದು ಅವನ ಪಾಸ್‌ಪೋರ್ಟನ್ನು ಮಾತ್ರ.

ಇದನ್ನು ಬರೆಯುವಾಗ ಸುಲಭದ ಮಾತಾಡಲು ಮನಸ್ಸು ಒಪ್ಪುವುದಿಲ್ಲ. ಒಂದು ಸರ್ಕಾರದ ದೌರ್ಜನ್ಯವನ್ನು ವಿರೋಧಿಸಲು ಆಟವನ್ನು ಬಹಿಷ್ಕರಿಸುವುದೂ ಒಂದು ದಾರಿಯೇ. ವರ್ಣಭೇದದ ದಕ್ಷಿಣ ಆಫ್ರಿಕವನ್ನು ಜಗತ್ತು ಹಾಗೆಯೇ ಆಟದಿಂದ ದೂರವಿಟ್ಟಿತ್ತು, ಅದು ಸರಿಯಾಗಿಯೇ ಇತ್ತು. ಪ್ಯಾಲೆಸ್ತೀನಿನ ವಿಷಯದಲ್ಲಿ ನಮ್ಮ ನೋವು ಇಂದಿಗೂ ಕಡಿಮೆಯಾಗಿಲ್ಲ. 2023ರ ನಂತರ ಗಾಝಾದಲ್ಲಿ ಆದದ್ದನ್ನು ಕಂಡ ಮೇಲೆ ಇನ್ನಷ್ಟು ಹೆಚ್ಚಿದೆ. ಆದರೂ ಸರ್ಕಾರವನ್ನು ವಿರೋಧಿಸುವುದು ಒಂದು, ಆ ನೆಲದಲ್ಲಿ ಹುಟ್ಟಿದ ಪ್ರತಿಯೊಬ್ಬನನ್ನೂ ಮುಟ್ಟಬಾರದವನೆಂದು ಬಗೆಯುವುದು ಇನ್ನೊಂದು. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಇಂದಿಗೂ ವಾದ ನಡೆಯುತ್ತದೆ. ಅಬ್ಬಾ ಒಂದು ಹೇಳುತ್ತಾರೆ, ತಮ್ಮ ಇನ್ನೊಂದು ಹೇಳುತ್ತಾನೆ. ಒಂದು ಮಾತು ಮಾತ್ರ ಎಲ್ಲರೂ ಒಪ್ಪುತ್ತೇವೆ. ಯಾರಾದರೂ ನಮ್ಮನ್ನು ಹುಟ್ಟಿನಿಂದ ಅಳೆದರೆ ನಮಗೆ ನೋವಾಗುತ್ತದಾದರೆ, ಆ ಅಳತೆಗೋಲನ್ನು ನಾವು ಕೈಯಲ್ಲಿ ಹಿಡಿಯುವ ಮುಂಚೆ ಎರಡು ಸಲ ಯೋಚಿಸಬೇಕು.

ಇತ್ತ ಆಟ ಬಿರುಸಾಗಿತ್ತು. ಕಪ್ಪು ಜನಾಂಗದ ಮಹಾನ್ ಆಟಗಾರ, ವರ್ಣಭೇದದ ವಿರುದ್ಧ ದನಿ ಎತ್ತಿದ ಆರ್ಥರ್ ಆಶ್ ಹೆಸರಿನ ಕ್ರೀಡಾಂಗಣ. ಪ್ರೇಕ್ಷಕರ ನಡುವೆ ವಿಶ್ವಸಂಸ್ಥೆಯಲ್ಲಿನ ಭಾರತದ ರಾಯಭಾರಿ ಹರ್‌ದೀಪ್ ಸಿಂಗ್ ಪುರಿ ಮತ್ತು ಪಾಕಿಸ್ತಾನದ ರಾಯಭಾರಿ ಅಬ್ದುಲ್ಲಾ ಹುಸೇನ್ ಹರೂನ್ ಅಕ್ಕಪಕ್ಕ ಕೂತು ಚಪ್ಪಾಳೆ ತಟ್ಟುತ್ತಿದ್ದರು. ವಿಶ್ವಸಂಸ್ಥೆಯ ಸಭೆಗಳಲ್ಲಿ ಪರಸ್ಪರ ದೂರು ಹೇಳುವುದೇ ಆ ಎರಡು ಕುರ್ಚಿಗಳ ವಾಡಿಕೆ. ಮೊದಲ ಸೆಟ್ 6-6 ಆಗಿ ಟೈಬ್ರೇಕ್‌ಗೆ ಹೋಯಿತು. ಏಳು ಪಾಯಿಂಟ್ ಮೊದಲು ಗಳಿಸಬೇಕು, ಎರಡರ ಅಂತರವಿರಬೇಕು. 7-5ರಿಂದ ಅವಳಿಗಳು ಗೆದ್ದರು. ಎರಡನೇ ಸೆಟ್ಟೂ 6-6. ಮತ್ತೆ ಟೈಬ್ರೇಕ್. ಈ ಬಾರಿ 7-4. ಇಡೀ ಪಂದ್ಯದ ಸೋಲು ಗೆಲುವಿನ ನಡುವೆ ಇದ್ದದ್ದು ಅಷ್ಟೇ. ಚೆಂಡು ಮಧ್ಯಕ್ಕೆ ಬಂದಾಗಲೆಲ್ಲ ನಾವು ಉಸಿರು ಹಿಡಿಯುತ್ತಿದ್ದೆವು.

ನಮ್ಮ ಅಂಗಡಿಯಲ್ಲಿ ಆ ರಾತ್ರಿ ಏನಾಯಿತೆಂದರೆ, ಖುರೇಶಿ ನೆಟ್ಟಿನ ಬಳಿ ಚೆಂಡನ್ನು ಮೆತ್ತಗೆ ಬೀಳಿಸಿದಾಗ ನಾವು “ಭಲೇ” ಎಂದೆವು. ಹದಿನಾಲ್ಕು ವರ್ಷಗಳ ಹಿಂದಿನ ಅದೇ ಶಬ್ದ. ಬೀದಿಯಲ್ಲಿ ನಿಂತು ಟಿವಿಗೆ ಇಣುಕುತ್ತಿದ್ದ ಬಾಳೆಕಂದಿನ ವ್ಯಾಪಾರಿಯೂ ಚಪ್ಪಾಳೆ ತಟ್ಟಿದ. ಯಾರ ತಲೆಯೂ ಹಿಂದಕ್ಕೆ ತಿರುಗಲಿಲ್ಲ. ಪಾಕಿಸ್ತಾನದವನೊಬ್ಬನ ಒಳ್ಳೆಯ ಹೊಡೆತವನ್ನು ಒಳ್ಳೆಯ ಹೊಡೆತ ಎಂದು ಬಾಯಿಬಿಟ್ಟು ಹೇಳಲು ನಮಗೆ ಸಿಕ್ಕ ಮೊದಲ ಅವಕಾಶ ಅದು. ಏಕೆಂದರೆ ಅವನ ಪಾಯಿಂಟ್ ಬೋಪಣ್ಣನ ಪಾಯಿಂಟೂ ಆಗಿತ್ತು. ಅವರು ಸೋತಾಗ ಮೇಷ್ಟ್ರು ಮತ್ತು ಅಬ್ಬಾ ಒಟ್ಟಿಗೇ ನಿಟ್ಟುಸಿರು ಬಿಟ್ಟರು.

ಸೋತ ಮೇಲೆ ಖುರೇಶಿ ಮೈಕಿನ ಮುಂದೆ ಬಂದ. ಆ ದಿನಗಳಲ್ಲಿ ನ್ಯೂಯಾರ್ಕಿನ ವಾತಾವರಣ ಹೇಗಿತ್ತೆಂಬುದನ್ನು ನೆನಪಿಸಿಕೊಳ್ಳಬೇಕು. ಮರುದಿನ ಅವಳಿ ಗೋಪುರಗಳ ಮೇಲಿನ ದಾಳಿಯ ಒಂಬತ್ತನೇ ವರ್ಷ. ಆ ಜಾಗದ ಸಮೀಪ ಇಸ್ಲಾಮಿಕ್ ಕೇಂದ್ರ ಕಟ್ಟುವ ವಿಷಯದಲ್ಲಿ ದೊಡ್ಡ ಗದ್ದಲ. ಫ್ಲೋರಿಡಾದ ಪಾದ್ರಿಯೊಬ್ಬ ಸೆಪ್ಟೆಂಬರ್ 11ರಂದು ಕುರ್‌ಆನ್ ಪ್ರತಿಗಳನ್ನು ಸುಡುವುದಾಗಿ ಸಾರಿ, ಕೊನೆಗಳಿಗೆಯಲ್ಲಿ ಹಿಂದೆ ಸರಿದಿದ್ದ. ಅಂಥ ನಗರದಲ್ಲಿ, ಅಂಥ ಸಂಜೆಗೆ ಮುನ್ನ, ಆ ಲಾಹೋರಿನ ಹುಡುಗ ತನ್ನ ದೇಶದ ಬಗ್ಗೆ ತಪ್ಪು ಕಲ್ಪನೆ ಇದೆ, ನಾವು ಸ್ನೇಹ ಪ್ರೀತಿಯ ಜನ, ನಿಮಗೆ ಬೇಕಾದಷ್ಟೇ ಶಾಂತಿ ನಮಗೂ ಬೇಕು ಎಂಬ ಅರ್ಥದ ನಾಲ್ಕು ಮಾತಾಡಿದ. ಕ್ರೀಡಾಂಗಣ ಚಪ್ಪಾಳೆಯಿಂದ ತುಂಬಿತು. ಅಬ್ಬಾ ಕಣ್ಣಿನ ಕನ್ನಡಕ ತೆಗೆದು ಜುಬ್ಬಾದ ಅಂಚಿನಿಂದ ಒರೆಸಿಕೊಂಡರು. ಪಾಪ, ಒಂದು ಇಡೀ ದೇಶದ ಪರವಾಗಿ, ಒಂದು ಇಡೀ ಸಮುದಾಯದ ಪರವಾಗಿ ಸಮಜಾಯಿಷಿ ಕೊಡುವ ಭಾರ ಆಟಗಾರನ ಮೇಲೆ ಯಾಕೆ ಬೀಳಬೇಕು? ಬಾಬ್ ಬ್ರಯಾನ್ ಪ್ರಶಸ್ತಿ ಎತ್ತಿ ನಕ್ಕರೆ ಸಾಕಿತ್ತು. ಆ ಭಾರ ಎಂಥದ್ದೆಂದು ನಮಗೆ ಗೊತ್ತಿತ್ತು.

ಅವರ ಆಟಕ್ಕೂ ಮಾತಿಗೂ ಆ ವರ್ಷ ಎಟಿಪಿಯ ಆರ್ಥರ್ ಆಶ್ ಮಾನವೀಯ ಪ್ರಶಸ್ತಿ ಬಂತು. ಖುರೇಶಿಗೆ ಅದು ಎರಡನೆಯದು. ಮೊದಲನೆಯದು ಬಂದಿದ್ದು 2002ರಲ್ಲಿ, ಅದೇ ಆಮಿರ್ ಹದಾದ್ ಜೊತೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಬದುಕು ಅಷ್ಟು ನೆಟ್ಟಗಿರುವುದಿಲ್ಲ. 2011ರಲ್ಲಿ ಅವರು ಹಾಲೆ, ಸ್ಟಾಕ್‌ಹೋಮ್ ಮತ್ತು ಪ್ಯಾರಿಸ್ ಮಾಸ್ಟರ್ಸ್ ಗೆದ್ದರು. ಆಮೇಲೆ 2012ರ ಲಂಡನ್ ಒಲಿಂಪಿಕ್ಸ್ ಎದುರಾಯಿತು. ಒಲಿಂಪಿಕ್ಸ್‌ನಲ್ಲಿ ಜೋಡಿಯ ಇಬ್ಬರೂ ಒಂದೇ ದೇಶದವರಾಗಿರಬೇಕು. ಅದಕ್ಕೆ ತಯಾರಾಗಲೆಂದು ಬೋಪಣ್ಣ ಮಹೇಶ್ ಭೂಪತಿಯ ಜೊತೆ ಸೇರಿದ. ಖುರೇಶಿ ನೆದರ್ಲೆಂಡ್ಸಿನ ಜೀನ್-ಜೂಲಿಯನ್ ರೋಜರ್ ಜೊತೆ ಹೋದ. ತಮಾಷೆಯೆಂದರೆ ಅದೇ ವರ್ಷ ಭೂಪತಿ ಮತ್ತು ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲು ಒಪ್ಪದೆ ದೊಡ್ಡ ರಾದ್ಧಾಂತವಾಯಿತು. ಲಾಹೋರಿನವನೊಂದಿಗೆ ಹೊಂದಿಕೊಂಡವನಿಗೆ ಕೋಲ್ಕತ್ತದವನೊಂದಿಗೆ ಹೊಂದಲಾಗಲಿಲ್ಲ. ಜೊತೆಯಾಗುವುದಕ್ಕೂ ಧ್ವಜಕ್ಕೂ ಅಂಥ ಸಂಬಂಧವೇನಿಲ್ಲ ಎಂಬುದು ಹೀಗೂ ತಿಳಿಯುತ್ತದೆ. 2014ರಲ್ಲಿ ಇಬ್ಬರೂ ಮತ್ತೆ ಕೂಡಿ ದುಬೈಯಲ್ಲಿ ಗೆದ್ದರು. 2021ರಲ್ಲಿ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಮತ್ತೊಮ್ಮೆ ಒಟ್ಟಿಗೆ ಆಡಿದರು.

ಅವರಿಗೊಂದು ಕನಸಿತ್ತು. ವಾಘಾ ಗಡಿಯಲ್ಲಿ, ಗಡಿಯ ಗೆರೆಯ ಮೇಲೇ ನೆಟ್ಟು ಕಟ್ಟಿ, ಒಬ್ಬ ಆಚೆ ಒಬ್ಬ ಈಚೆ ನಿಂತು ಒಂದು ಪ್ರದರ್ಶನ ಪಂದ್ಯ ಆಡಬೇಕೆಂಬುದು. ಅದು ಈಡೇರಲಿಲ್ಲ. ಬದಲಿಗೆ 2019ರಲ್ಲಿ ಪಾಕಿಸ್ತಾನದಲ್ಲಿ ನಡೆಯಬೇಕಿದ್ದ ಭಾರತ-ಪಾಕ್ ಡೇವಿಸ್ ಕಪ್ ಪಂದ್ಯವನ್ನು ಕಝಾಕ್‌ಸ್ತಾನಕ್ಕೆ ಸಾಗಿಸಲಾಯಿತು. ಅದನ್ನು ಪ್ರತಿಭಟಿಸಿ ಖುರೇಶಿ ಆಡದೆ ಉಳಿದ. 2024ರ ಫೆಬ್ರವರಿಯಲ್ಲಿ ಭಾರತದ ಡೇವಿಸ್ ಕಪ್ ತಂಡ 1964ರ ನಂತರ ಮೊದಲ ಬಾರಿಗೆ ಪಾಕಿಸ್ತಾನಕ್ಕೆ ಹೋಗಿ ಇಸ್ಲಾಮಾಬಾದಿನಲ್ಲಿ ಗೆದ್ದು ಬಂತು. ಆ ತಂಡದಲ್ಲಿ ಬೋಪಣ್ಣ ಇರಲಿಲ್ಲ. ಹಿಂದಿನ ವರ್ಷವೇ ಡೇವಿಸ್ ಕಪ್‌ಗೆ ವಿದಾಯ ಹೇಳಿದ್ದ. ಎದುರು ತಂಡದಲ್ಲಿ ಖುರೇಶಿ ಇದ್ದ.

2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ 26 ಅಮಾಯಕರ ಹತ್ಯೆಯಾಯಿತು. ಹೆಸರು ಕೇಳಿ, ಧರ್ಮ ಕೇಳಿ ಕೊಂದ ಆ ಪಾಪಿಗಳನ್ನು ನಮ್ಮ ಮಸೀದಿಗಳಲ್ಲಿ ಶಪಿಸದ ದಿನವಿರಲಿಲ್ಲ. ಆದರೂ ತಕ್ಕಡಿ ಮತ್ತೆ ಹೊರಬಂತು. ಖಂಡಿಸಿದಿರಾ, ಎಷ್ಟು ಖಂಡಿಸಿದಿರಿ, ಯಾವಾಗ ಖಂಡಿಸಿದಿರಿ ಎಂಬ ಲೆಕ್ಕ ಶುರುವಾಯಿತು. ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಕ್ಷಿಪಣಿಗಳು ಹಾರಾಡಿದವು. ಸೆಪ್ಟೆಂಬರ್‌ನಲ್ಲಿ ದುಬೈಯ ಏಷ್ಯಾ ಕಪ್‌ನಲ್ಲಿ ಎರಡೂ ದೇಶಗಳ ಕ್ರಿಕೆಟಿಗರು ಆಟವನ್ನೇನೋ ಆಡಿದರು, ಕೈ ಮಾತ್ರ ಕುಲುಕಲಿಲ್ಲ. ನೊಂದವರ ಸಿಟ್ಟನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಂದು ಟಿವಿಯಲ್ಲಿ ಅದನ್ನು ನೋಡುತ್ತಾ, ಹದಿನೈದು ವರ್ಷಗಳ ಹಿಂದೆ ಅದೇ ಸೆಪ್ಟೆಂಬರ್‌ನಲ್ಲಿ ನೆಟ್ಟಿನ ಬಳಿ ನಾಲ್ವರು ಕೈ ಕುಲುಕಿದ್ದು ನೆನಪಾಯಿತು. ಈಗ ಬೋಪಣ್ಣನೂ ಖುರೇಶಿಯೂ ಇಪ್ಪತ್ತರ ಹುಡುಗರಾಗಿದ್ದರೆ ಜೊತೆಯಾಗಿ ಆಡಲು ಅವರನ್ನು ಬಿಡುತ್ತಿದ್ದೆವೇ? ಈ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಧೈರ್ಯವಿಲ್ಲ.

ಬೋಪಣ್ಣನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2023ರಲ್ಲಿ ಅದೇ ನ್ಯೂಯಾರ್ಕಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆ, ಅವನು ಮತ್ತೆ ಫೈನಲ್ ಆಡಿದ. ಪಂದ್ಯದ ನಡುವೆ ಒಂದು ಚೆಂಡು ಅವನ ತೋಳಿಗೆ ಸೋಕಿತು. ಅಂಪೈರ್ ನೋಡಿರಲಿಲ್ಲ, ಎದುರಾಳಿಗಳು ಕೇಳಿರಲಿಲ್ಲ. ಅವನೇ ಹೋಗಿ ಹೇಳಿ ಪಾಯಿಂಟ್ ಬಿಟ್ಟುಕೊಟ್ಟ. ಆ ಫೈನಲ್‌ನಲ್ಲೂ ಸೋತ. ಅಮಾನತ್ತು ಎಂದರೆ ಏನೆಂದು ನಮ್ಮ ಮದರಸಾದಲ್ಲಿ ಉಸ್ತಾದರು ಹೇಳಿಕೊಡುತ್ತಿದ್ದರು: ಯಾರೂ ನೋಡದಿದ್ದಾಗಲೂ ಇನ್ನೊಬ್ಬರದ್ದನ್ನು ಇನ್ನೊಬ್ಬರಿಗೆ ಸೇರಿಸುವುದು. ಕೊಡಗಿನ ಹುಡುಗ ಅದನ್ನು ಇಡೀ ಜಗತ್ತಿನ ಮುಂದೆ ಮಾಡಿ ತೋರಿಸಿದ. ಮುಂದಿನ ವರ್ಷ, 2024ರ ಜನವರಿ 27ರಂದು, ಅದೇ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದ. ಆಗ ಅವನಿಗೆ 43 ವರ್ಷ. ಮುಕ್ತ ಟೆನಿಸ್ ಯುಗದಲ್ಲಿ ಅಷ್ಟು ವಯಸ್ಸಿಗೆ ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೂ ಏರಿದ. 2025ರ ನವೆಂಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದ.

ಆಸ್ಟ್ರೇಲಿಯದ ಆ ಗೆಲುವನ್ನು ನಾವು ಮೊಬೈಲಿನಲ್ಲಿ ನೋಡಿದೆವು, ಅದೇ ಅಂಗಡಿಯಲ್ಲಿ. ರೆಡಿಮೇಡ್ ಬಟ್ಟೆಗಳ ಹೊಡೆತಕ್ಕೆ ಅಂಗಡಿ ಅರ್ಧವಾಗಿದೆ. ಅಬ್ಬಾಗೆ ಈಗ ಸೂಜಿಗೆ ದಾರ ಪೋಣಿಸಲಾಗುವುದಿಲ್ಲ, ಆದರೂ ಬಂದು ಕೂರುತ್ತಾರೆ. ಮೇಷ್ಟ್ರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಅಂದು ಜುಬ್ಬಾ ಹೊಲಿಸಿಕೊಂಡ ಅವರ ಮೊಮ್ಮಗ ಈಗ ಎಂಜಿನಿಯರಿಂಗ್ ಓದುವ ಹುಡುಗ. ಅವನೇ ಓಡಿ ಬಂದು, “ಅಂಕಲ್, ತಾತ ಇದ್ದಿದ್ದರೆ ಕುಣೀತಿದ್ರು” ಎಂದ. ನಾವೂ ಕುಣಿದೆವು. ‘ನೀವೂ ಕುಣೀತೀರಾ’ ಎಂದು ಯಾರೂ ಕೇಳಲಿಲ್ಲ.

ಅಬ್ಬಾ ಎಲ್ಲವನ್ನೂ ನೋಡಿ, “ಆ ಲಾಹೋರಿನ ಹುಡುಗ ಈಗ ಏನು ಮಾಡ್ತಿದ್ದಾನೆ?” ಎಂದು ಕೇಳಿದರು. ಮುಂದಿನ ವಾರ ಇಸ್ಲಾಮಾಬಾದಿನಲ್ಲಿ ಭಾರತದ ವಿರುದ್ಧ ಆಡುತ್ತಾನೆ ಎಂದೆವು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾರತ ಗೆಲ್ಲಲಿ. ಅವನೂ ಚೆನ್ನಾಗಿ ಆಡಲಿ” ಎಂದರು. ಮೇಷ್ಟ್ರ ಮೊಮ್ಮಗ ತಲೆಯಾಡಿಸಿದ.

ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು, ಯಾರಿಗೂ ಹೆದರದೆ ಬೀದಿಯಲ್ಲಿ ನಿಂತು ಹೇಳುವಂತಾದರೆ ಸಾಕು. ನಮಗೆ ಬೇಕಾದ್ದು ಅದಕ್ಕಿಂತ ಹೆಚ್ಚೇನೂ ಅಲ್ಲ.